ಇನ್ಸುಲಿನ್: ಒಂದು ಡಾಲರಿನ ವಾಗ್ದಾನ

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ನ್ಯೂಯಾರ್ಕಿನ ಅಥವಾ ಬಾಸ್ಟನ್ನಿನ ಹೆಸರಾಂತ ಆಸ್ಪತ್ರೆಯೊಂದಕ್ಕೆ ಮಧುಮೇಹದಿಂದ ಸೊರಗಿದ ಬಾಲಕನೊಬ್ಬನನ್ನು ಹೊತ್ತು ತಂದರೆ, ಅಲ್ಲಿನ ಅತ್ಯಂತ ವಿಚಕ್ಷಣನಾದ ವೈದ್ಯನು ಅವನಿಗೆ ವಿಧಿಸಬಹುದಾಗಿದ್ದ ಚಿಕಿತ್ಸೆ ಉಪವಾಸವಾಗಿದ್ದಿತು. ರಾಕ್‌ಫೆಲರ್ ಸಂಸ್ಥೆಯ ಫ್ರೆಡರಿಕ್ ಆಲೆನ್ನನು ರೂಪಿಸಿ, ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್ನನು ಕೈಗೊಂಡ ಆ ಪದ್ಧತಿಯಂತೆ, ಮೂತ್ರದಲ್ಲಿ ಸಕ್ಕರೆಯ ಸುಳಿವು ಅಡಗುವ ತನಕ ರೋಗಿಯ ಆಹಾರವನ್ನು ನಿಲ್ಲಿಸಿ, ಅನಂತರ ಪ್ರಾಣ ನಿಲ್ಲುವುದಕ್ಕೆ ಬೇಕಾದಷ್ಟನ್ನು ಮಾತ್ರ ಅಳೆದು ತೂಗಿ ಉಣಿಸುತ್ತಿದ್ದರು. ಎಳೆಯ ವಯಸ್ಸಿನಲ್ಲಿ ಬರುವ ಮಧುಮೇಹದಲ್ಲಿ, ಉಂಡ ಅನ್ನದಿಂದ ಹುಟ್ಟಿದ ಸಕ್ಕರೆಯು ರಕ್ತದಲ್ಲಿ ತುಂಬಿ ತುಳುಕುತ್ತಿದ್ದರೂ ಜೀವಕೋಶಗಳು ಅದನ್ನು ಒಳಕ್ಕೆ ಬರಮಾಡಿಕೊಳ್ಳಲಾರವು. ಹಸಿದ ದೇಹವು ತನ್ನ ಮಾಂಸವನ್ನೂ ಮೇದಸ್ಸನ್ನೂ ತಾನೇ ಕರಗಿಸಿಕೊಳ್ಳತೊಡಗುವುದು. ಆ ದಹನದಿಂದ ಹುಟ್ಟಿದ ಕೀಟೋನ್ ಆಮ್ಲಗಳು ರಕ್ತದಲ್ಲಿ ಸಂಚಯಗೊಂಡು, ಉಸಿರು ಭಾರವಾಗಿ, ಪ್ರಜ್ಞೆ ತಪ್ಪಿ, ಕೆಲವೇ ದಿನಗಳಲ್ಲಿ ಮರಣವು ಸಂಭವಿಸುವುದು. ಉಪವಾಸವು ಈ ಗತಿಯನ್ನು ತಡೆಯಲಾರದೆ ಹೋದರೂ ತಡಮಾಡುತ್ತಿದ್ದಿತು. ಆಲೆನ್ನನನ್ನು ಕ್ರೂರಿಯೆಂದು ಕರೆದವರು ಆ ಕಾಲದಲ್ಲಿಯೂ ಇದ್ದರು, ಈಗಲೂ ಇದ್ದಾರೆ. ನನಗೆ ಆ ಮಾತು ಒಪ್ಪಿಗೆಯಾಗದು. ಅವನ ಕಟ್ಟುನಿಟ್ಟಿನಿಂದ ಒಂದೆರಡು ವರ್ಷ ಹೆಚ್ಚು ಬದುಕಿ, ಎಲುಬಿನ ಹಂದರವಾಗಿ ಉಳಿದ ಮಕ್ಕಳಲ್ಲಿ ಕೆಲವರಾದರೂ ಇನ್ಸುಲಿನ್ನು ಔಷಧವಾಗಿ ಬಂದ 1922ನೆಯ ಇಸವಿಯನ್ನು ಕಂಡರು, ಕಂಡವರು ಬದುಕಿದರು.

ರೋಗವೇನೋ ಪುರಾತನವಾದುದು. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ನಮ್ಮ ಆಯುರ್ವೇದಾಚಾರ್ಯರು ಗಮನಿಸಿದ್ದರು. ಹುಟ್ಟಿನಿಂದ ಬರುವ ಪ್ರಮೇಹವನ್ನೂ ಅಪಥ್ಯದಿಂದ ಬರುವ ಪ್ರಮೇಹವನ್ನೂ ಸುಶ್ರುತಸಂಹಿತೆಯು ಬೇರೆಬೇರೆಯಾಗಿ ಎಣಿಸಿ, ಮೊದಲನೆಯದರ ರೋಗಿ ಕೃಶನೆಂದೂ ಎರಡನೆಯದರವನು ಸ್ಥೂಲನೆಂದೂ ಹೇಳಿದೆ. ಅದಕ್ಕೆ ಬಹುಮಟ್ಟಿಗೆ ಹೋಲುವ ವಿಭಾಗವನ್ನು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತನು ಪ್ರಯೋಗಮೂಲಕವಾಗಿ ಸ್ಥಾಪಿಸಿದುದು 1936ರಲ್ಲಿ. ರೋಗದ ನೆಲೆ ಎಲ್ಲಿಯೆಂಬುದು ಮಾತ್ರ ಬಹುಕಾಲ ತಿಳಿಯದೆ ಉಳಿದಿದ್ದಿತು. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ವಾನ್ ಮೆರಿಂಗ್ ಮತ್ತು ಮಿಂಕೋವ್ಸ್ಕಿ ಎಂಬ ಇಬ್ಬರು, ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಲು, ಆ ನಾಯಿಗೆ ಉಗ್ರವಾದ ಮಧುಮೇಹವು ಬಂದಿತು. ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಬರ್ಲಿನ್ನಿನ ವಿದ್ಯಾರ್ಥಿಯಾಗಿದ್ದ ಪಾಲ್ ಲ್ಯಾಂಗರ್‌ಹ್ಯಾನ್ಸನು ಆ ಗ್ರಂಥಿಯೊಳಗೆ ಚದರಿ ಕುಳಿತ ವಿಲಕ್ಷಣವಾದ ಕೋಶಸಮೂಹಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಅವುಗಳ ಪ್ರಯೋಜನವೇನೆಂದು ಅರಿಯದೆಯೇ ವರ್ಣಿಸಿದ್ದನು. ಈ ಎರಡು ತಿಳಿವುಗಳನ್ನು ಜೋಡಿಸಿದವರಿಗೆಲ್ಲ, ಕಿರುದ್ವೀಪಗಳಂತಿದ್ದ ಆ ಕೋಶಸಮೂಹಗಳಿಂದ ಯಾವುದೋ ಒಂದು ರಸವು ರಕ್ತಕ್ಕೆ ಸೇರಿ ಸಕ್ಕರೆಯನ್ನು ಆಳುತ್ತಿರಬೇಕೆಂಬ ಊಹೆಯು ಮೂಡಿದುದು ಸಹಜ. ಬರ್ಲಿನ್ನಿನ ಜಾರ್ಜ್ ಜ್ಯುಲ್ಸರನು ಅಂಥ ಸಾರವನ್ನು ರೋಗಿಗಳಿಗೇ ಚುಚ್ಚಿ ನೋಡಿ, ಅದರ ವಿಷಮ ಪರಿಣಾಮಗಳಿಗೆ ಅಂಜಿ ಕೈಬಿಟ್ಟನು. ಬುಖಾರೆಸ್ಟಿನ ನಿಕೊಲಾಯ್ ಪೌಲೆಸ್ಕುವು ನಾಯಿಗಳಲ್ಲಿ ಸಕ್ಕರೆಯನ್ನು ಇಳಿಸಿ ತೋರಿಸಿ, ಮುಂದೆ ಹೇಳಲಿರುವ ಟೊರೊಂಟೋ ಸಂಶೋಧಕರ ವರದಿಗಳು ಅಚ್ಚಾಗುವುದಕ್ಕೆ ಮುಂಚೆಯೇ 1921ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿದನು. ಕೀರ್ತಿಯನ್ನು ಹಂಚಿದವರು ಇವರ ಪಾಲನ್ನು ಸರಿಯಾಗಿ ಅಳೆಯಲಿಲ್ಲವೆಂದೇ ನನ್ನ ಅಭಿಪ್ರಾಯ.

1920ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತದ ಲಂಡನ್ ಎಂಬ ಊರಿನಲ್ಲಿ, ಮಹಾಯುದ್ಧದಿಂದ ಗಾಯಗೊಂಡು ಹಿಂದಿರುಗಿ ವೃತ್ತಿಯು ಕೈಹತ್ತದೆ ಕುಳಿತಿದ್ದ ಇಪ್ಪತ್ತೆಂಟು ವರ್ಷದ ಶಸ್ತ್ರವೈದ್ಯ ಫ್ರೆಡರಿಕ್ ಬ್ಯಾಂಟಿಂಗನು, ವಿದ್ಯಾರ್ಥಿಗಳಿಗೆ ಹೇಳಬೇಕಾದ ಪಾಠದ ಸಿದ್ಧತೆಗೆಂದು ಒಂದು ವೈದ್ಯಪತ್ರಿಕೆಯನ್ನು ಓದುತ್ತಿದ್ದನು. ಕಲ್ಲು ಕಟ್ಟಿ ನಾಳವು ಮುಚ್ಚಿಹೋದ ಮೇದೋಜೀರಕದಲ್ಲಿ, ಜೀರ್ಣರಸವನ್ನು ಮಾಡುವ ಭಾಗವು ಬತ್ತಿಹೋದರೂ ಕಿರುದ್ವೀಪಗಳು ಉಳಿದಿದ್ದವೆಂದು ಮೋಸೆಸ್ ಬ್ಯಾರನ್ನನು ಅದರಲ್ಲಿ ಬರೆದಿದ್ದನು. ಅದನ್ನು ಓದಿದ ರಾತ್ರಿ ಬ್ಯಾಂಟಿಂಗನಿಗೆ ನಿದ್ರೆ ಬರಲಿಲ್ಲ. ಗ್ರಂಥಿಯನ್ನು ಅರೆದು ಸಾರ ತೆಗೆಯುವಾಗ ಅದರ ಜೀರ್ಣರಸವೇ ಬೇಕಾದ ವಸ್ತುವನ್ನು ನುಂಗಿಹಾಕುತ್ತಿರಬೇಕು. ಆದುದರಿಂದ ನಾಯಿಯ ನಾಳವನ್ನು ಮೊದಲು ಬಿಗಿದು ಕಟ್ಟಿ, ಜೀರ್ಣಕೋಶಗಳು ಬತ್ತುವವರೆಗೆ ಕಾದು, ಆಮೇಲೆ ಸಾರವನ್ನು ತೆಗೆದರೆ ಹೇಗೆ ಎಂದು ಅವನು ನಡುರಾತ್ರಿಯಲ್ಲೆದ್ದು ಗುರುತುಹಾಕಿಕೊಂಡನು. ಈ ಊಹೆಯನ್ನು ಹೊತ್ತು ಟೊರೊಂಟೋ ವಿಶ್ವವಿದ್ಯಾಲಯದ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕ ಜೆ. ಜೆ. ಆರ್. ಮೆಕ್ಲಿಯಡ್ಡನ ಬಳಿಗೆ ಹೋದಾಗ, ಸಕ್ಕರೆಯ ಚಯಾಪಚಯದಲ್ಲಿ ಪಾರಂಗತನಾಗಿದ್ದ ಆ ಪಂಡಿತನು, ಎದುರಿಗೆ ಕುಳಿತವನಿಗೆ ವಿಷಯಜ್ಞಾನವು ಅಷ್ಟಾಗಿ ಇಲ್ಲವೆಂಬುದನ್ನು ಕಂಡರೂ, ಒಂದು ಕೊಠಡಿಯನ್ನೂ ಹತ್ತು ನಾಯಿಗಳನ್ನೂ ಒಬ್ಬ ವಿದ್ಯಾರ್ಥಿ ಸಹಾಯಕನನ್ನೂ ಕೊಡಲು ಒಪ್ಪಿದನು. ಸಹಾಯಕನಾಗುವ ಸರದಿ ಯಾರದೆಂದು ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್ ಎಂಬ ಇಬ್ಬರು ಗೆಳೆಯರು ನಾಣ್ಯವನ್ನು ಚಿಮ್ಮಿ ನಿರ್ಣಯಿಸಿದರಂತೆ. ಬೆಸ್ಟನ ಹೆಸರು ಜಗದ್ವಿಖ್ಯಾತವಾಯಿತು.

1921ರ ಮೇ ತಿಂಗಳಲ್ಲಿ ಕೆಲಸವು ಮೊದಲಾಯಿತು. ಆ ಬೇಸಿಗೆಯ ಸೆಕೆಯಲ್ಲಿ ನಾಯಿಗಳ ಮೇಲೆ ನಾಯಿಗಳು ಸತ್ತವು, ಕಟ್ಟಿದ ದಾರಗಳು ಸಡಿಲಿದವು, ಗಾಯಗಳು ಕೀತವು. ಮೆಕ್ಲಿಯಡ್ಡನು ಜೂನ್ ತಿಂಗಳಲ್ಲಿ ಸ್ಕಾಟ್ಲೆಂಡಿಗೆ ಹೊರಟುಹೋದ ಮೇಲೆ, ಸಂಬಳವಿಲ್ಲದ ವೈದ್ಯನೂ ಇಪ್ಪತ್ತೆರಡರ ವಿದ್ಯಾರ್ಥಿಯೂ ಇಬ್ಬರೇ ಉಳಿದರು. ಜುಲೈ ತಿಂಗಳ ಕೊನೆಗೆ, ಮೇದೋಜೀರಕವನ್ನು ಕಳೆದುಕೊಂಡ ಒಂದು ನಾಯಿಗೆ ತಮ್ಮ ಸಾರವನ್ನು ಚುಚ್ಚಿ ರಕ್ತವನ್ನು ಪರೀಕ್ಷಿಸಲಾಗಿ, ಸಕ್ಕರೆಯು ಇಳಿದಿದ್ದಿತು. ನವೆಂಬರಿನಲ್ಲಿ ಶಸ್ತ್ರಕ್ರಿಯೆಗೆ ಒಳಗಾದ ಮಾರ್ಜರಿ ಎಂಬ ಹೆಣ್ಣುನಾಯಿಯು, ಎರಡು ವಾರಗಳೊಳಗೆ ಸಾಯಬೇಕಾಗಿದ್ದರೂ, ಸಾರದ ಬಲದಿಂದ ಎಪ್ಪತ್ತು ದಿನ ಬದುಕಿತು. ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಬ್ಯಾಂಟಿಂಗನನ್ನು ನಿದ್ರೆಯಿಂದ ಎಬ್ಬಿಸಿದ ಆ ಊಹೆ ಕಾರ್ಯಕ್ಕೆ ಅವಶ್ಯಕವಾಗಿರಲಿಲ್ಲ. ನಾಳವನ್ನು ಕಟ್ಟಿ ವಾರಗಟ್ಟಲೆ ಕಾಯುವ ಅಗತ್ಯವೇ ಇರಲಿಲ್ಲವೆಂದೂ, ಕಸಾಯಿಖಾನೆಯಿಂದ ತಂದ ಹಸುವಿನ ಇಡೀ ಗ್ರಂಥಿಯನ್ನು ತಣ್ಣನೆಯ ಮದ್ಯಸಾರದಲ್ಲಿ ಅರೆದರೆ ಜೀರ್ಣರಸದ ಕಾಟವು ತಪ್ಪುವುದೆಂದೂ ಅದೇ ಚಳಿಗಾಲದಲ್ಲಿ ಅವರಿಗೆ ತಿಳಿದುಬಂದಿತು. ತಪ್ಪಾದ ದಾರಿಯು ಅವರನ್ನು ಸರಿಯಾದ ಊರಿಗೆ ಮುಟ್ಟಿಸಿತು. ಅವರ ಹಿರಿಮೆಯು ಊಹೆಯಲ್ಲಿದ್ದುದಕ್ಕಿಂತ ಅದನ್ನು ಬಿಡದೆ ನಡೆದ ಹಠದಲ್ಲಿದ್ದಿತೆಂದು ನಾನು ತಿಳಿಯುತ್ತೇನೆ.

ಸಾರದಿಂದ ಔಷಧವಾಗುವ ದಾರಿಯನ್ನು ತೆರೆದವನು ಆಲ್ಬರ್ಟಾ ವಿಶ್ವವಿದ್ಯಾಲಯದಿಂದ ರಜೆಯ ಮೇಲೆ ಬಂದಿದ್ದ ಜೀವರಸಾಯನಶಾಸ್ತ್ರಜ್ಞ ಜೇಮ್ಸ್ ಕಾಲಿಪ್ಪನು. 1922ರ ಜನವರಿ 11ರಂದು ಟೊರೊಂಟೋ ಸಾರ್ವಜನಿಕ ಆಸ್ಪತ್ರೆಯಲ್ಲಿ, ಹದಿನಾಲ್ಕು ವರ್ಷದ, ತೂಕದಲ್ಲಿ 65 ಪೌಂಡಿಗೆ ಇಳಿದಿದ್ದ ಲಿಯೊನಾರ್ಡ್ ಥಾಮ್ಸನ್ ಎಂಬ ಬಾಲಕನಿಗೆ ಬ್ಯಾಂಟಿಂಗ್ ಮತ್ತು ಬೆಸ್ಟರ ಸಾರವನ್ನು ಚುಚ್ಚಿದಾಗ, ಸಕ್ಕರೆಯು ಅಲ್ಪವಾಗಿ ಇಳಿಯಿತು, ಚುಚ್ಚಿದ ಕಡೆ ಬಾವು ಬಂದಿತು, ಚಿಕಿತ್ಸೆಯನ್ನು ನಿಲ್ಲಿಸಿದರು. ಮುಂದಿನ ಹನ್ನೆರಡು ದಿನಗಳನ್ನು ಕಾಲಿಪ್ಪನು ಶುದ್ಧೀಕರಣದಲ್ಲಿ ಕಳೆದನು. ಮದ್ಯಸಾರದ ಸಾಂದ್ರತೆಯನ್ನು ಹಂತಹಂತವಾಗಿ ಏರಿಸುತ್ತ ಹೋದರೆ ಕಲ್ಮಶಗಳೆಲ್ಲ ಮೊದಲೇ ಕೆಳಗಿಳಿದು, ಪ್ರತಿಶತ ತೊಂಬತ್ತನ್ನು ದಾಟಿದ ಒಂದು ಘಟ್ಟದಲ್ಲಿ ಬೇಕಾದ ವಸ್ತುವೇ, ಅಂದರೆ ಇನ್ಸುಲಿನ್ನೇ, ಬಿಳಿಯ ಪುಡಿಯಾಗಿ ಬೇರ್ಪಡುವುದೆಂಬುದನ್ನು ಅವನು ಕಂಡುಹಿಡಿದನು. ಆ ರಹಸ್ಯವನ್ನು ತಿಳಿಸಲು ಅವನು ಹಿಂಜರಿದನೆಂದು ಬ್ಯಾಂಟಿಂಗನಿಗೂ ಅವನಿಗೂ ಕೈಮಿಲಾಯಿಸುವಷ್ಟು ಕಲಹವೂ ನಡೆಯಿತು. ಜನವರಿ 23ರಂದು ಆ ಪುಡಿಯಿಂದ ಮಾಡಿದ ದ್ರವವನ್ನು ಬಾಲಕನಿಗೆ ಕೊಟ್ಟ ಒಂದು ದಿನದೊಳಗೆ, ರಕ್ತದ ಸಕ್ಕರೆಯು 520ರಿಂದ 120 ಮಿಲಿಗ್ರಾಮಿಗೆ ಇಳಿಯಿತು. ಮೂತ್ರದ ಕೀಟೋನುಗಳು ಮಾಯವಾದವು. ಹುಡುಗನು ಎದ್ದು ಓಡಾಡಿದನು. ಅವನು 1935ರವರೆಗೆ ಬದುಕಿದನು. ಆಲೆನ್ನನ ಉಪವಾಸದಿಂದ 45 ಪೌಂಡು ತೂಕಕ್ಕೆ ಬಂದಿದ್ದ ಎಲಿಜಬೆತ್ ಹ್ಯೂಸ್, ಅಮೆರಿಕದ ವಿದೇಶಾಂಗ ಸಚಿವನ ಮಗಳು, ಅದೇ ವರ್ಷದ ಆಗಸ್ಟಿನಲ್ಲಿ ಟೊರೊಂಟೋಕ್ಕೆ ಬಂದು ಬ್ಯಾಂಟಿಂಗನ ಕೈಯಿಂದ ಚಿಕಿತ್ಸೆ ಪಡೆದಳು. ಅವಳು ಮದುವೆಯಾಗಿ, ಮಕ್ಕಳನ್ನು ಹೆತ್ತು, 1981ರವರೆಗೆ ಬಾಳಿದಳು.

ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯವು ಪ್ರಯೋಗಶಾಲೆಯದಲ್ಲ. ಔಷಧದ ಕೀರ್ತಿಯು ಹರಡುತ್ತಿದ್ದಂತೆ, ಯಾವನಾದರೊಬ್ಬ ವ್ಯಾಪಾರಿಯು ಇದರ ವಿಧಾನವನ್ನು ತನ್ನದೆಂದು ದಾಖಲೆಮಾಡಿ, ಉಳಿದವರ ಕೈಕಟ್ಟಿ, ಮನಬಂದ ಬೆಲೆಯನ್ನು ಹೇರಬಹುದೆಂಬ ಭಯವು ಟೊರೊಂಟೋದವರಿಗೆ ಹುಟ್ಟಿತು. ಅದನ್ನು ತಪ್ಪಿಸುವ ಉಪಾಯವೆಂದರೆ ಪೇಟೆಂಟನ್ನು ತಾವೇ ಪಡೆಯುವುದು. ವೈದ್ಯನು ಔಷಧದಿಂದ ಲಾಭ ಮಾಡುವುದು ವೃತ್ತಿಧರ್ಮಕ್ಕೆ ವಿರುದ್ಧವೆಂದು ಬ್ಯಾಂಟಿಂಗನು ಮೊದಲು ತನ್ನ ಹೆಸರನ್ನು ಕೊಡಲು ಒಪ್ಪಿರಲಿಲ್ಲ. ಕಡೆಗೆ 1923ರ ಆರಂಭದಲ್ಲಿ, ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಮೂವರೂ ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಲಕ್ಷಾಂತರ ಜೀವಗಳ ಮೇಲಿನ ಅಧಿಕಾರವನ್ನು ಮೂವರು ಯುವಕರು ಹೀಗೆ ಮೂರು ಡಾಲರಿಗೆ ತ್ಯಜಿಸಿದರು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕಿಂತ ಉದಾತ್ತವಾದ ವ್ಯವಹಾರವನ್ನು ನಾನು ಅರಿಯೆ. ಆಮೇಲಿನ ನೂರು ವರ್ಷಗಳನ್ನು ಆ ಡಾಲರಿನ ಅಳತೆಯಿಂದಲೇ ಅಳೆಯಬೇಕೆಂದು ನನ್ನ ನಂಬಿಕೆ.

ಕೀರ್ತಿಯ ಹಂಚಿಕೆಯಲ್ಲಿ ಅಂಥ ಔದಾರ್ಯವು ಅಷ್ಟಾಗಿ ಕಾಣಲಿಲ್ಲ. 1923ರ ನೊಬೆಲ್ ಪಾರಿತೋಷಕವು ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್ ಇವರಿಗೆ ಬರಲು, ಬ್ಯಾಂಟಿಂಗನು ಕ್ರುದ್ಧನಾಗಿ ತನ್ನ ಹಣದಲ್ಲಿ ಅರ್ಧವನ್ನು ಬೆಸ್ಟನಿಗೆ ಕೊಟ್ಟನು. ಮೆಕ್ಲಿಯಡ್ಡನು ತನ್ನದರಲ್ಲಿ ಅರ್ಧವನ್ನು ಕಾಲಿಪ್ಪನಿಗೆ ಕೊಟ್ಟನು. ಔಷಧವು ಮಾತ್ರ ಯಾರಿಗೂ ಕಾಯದೆ ನಡೆಯಿತು. ಇಂಡಿಯಾನಾಪೊಲಿಸಿನ ಎಲೈ ಲಿಲಿ ಸಂಸ್ಥೆಯಲ್ಲಿ ಜಾರ್ಜ್ ವಾಲ್ಡನ್ನನು ದ್ರವದ ಆಮ್ಲತೆಯನ್ನು ಹದಮಾಡಿ ಇನ್ಸುಲಿನ್ನನ್ನು ಹೇರಳವಾಗಿ ಇಳಿಸುವ ಕ್ರಮವನ್ನು ಕಂಡುಕೊಂಡನು. ಡೆನ್ಮಾರ್ಕಿನ ನೊಬೆಲ್ ವಿಜೇತ ಆಗಸ್ಟ್ ಕ್ರೋಗನು, ಸ್ವತಃ ವೈದ್ಯೆಯಾಗಿಯೂ ಮಧುಮೇಹಿಯಾಗಿಯೂ ಇದ್ದ ತನ್ನ ಪತ್ನಿ ಮರೀಯ ಪ್ರೇರಣೆಯಿಂದ ಟೊರೊಂಟೋಕ್ಕೆ ಹೋಗಿ, ತಯಾರಿಸುವ ಅನುಮತಿಯನ್ನು ಪಡೆದು ಹಿಂದಿರುಗಿದನು. ಎರಡನೆಯ ಮಹಾಯುದ್ಧದಲ್ಲಿ, ಜಪಾನಿನ ವಶದಲ್ಲಿದ್ದ ಶಾಂಘೈ ನಗರದಲ್ಲಿ ಔಷಧವು ಮುಗಿದುಹೋದಾಗ, ಅಲ್ಲಿ ಆಶ್ರಯ ಪಡೆದಿದ್ದ ಇವಾ ಸ್ಯಾಕ್ಸಲ್ ಎಂಬ ಮಧುಮೇಹಿ ಯುವತಿಯೂ ಅವಳ ಪತಿಯೂ ಒಂದು ವೈದ್ಯಗ್ರಂಥದಲ್ಲಿದ್ದ ವಿವರಣೆಯನ್ನು ಓದಿ, ಎಮ್ಮೆಗಳ ಮೇದೋಜೀರಕದಿಂದ ಇನ್ಸುಲಿನ್ನನ್ನು ತಾವೇ ಇಳಿಸಿ, ಮೊಲಗಳ ಮೇಲೆ ಪರೀಕ್ಷಿಸಿ, ತಮ್ಮಂತೆಯೇ ಸಿಕ್ಕಿಬಿದ್ದಿದ್ದ ನೂರಾರು ಜನರನ್ನು ಬದುಕಿಸಿದರು. ಕಂಡುಹಿಡಿದವರು ವಿಧಾನವನ್ನು ಬಚ್ಚಿಡದೆ ಲೋಕದ ಮುಂದೆ ಇಟ್ಟಿದ್ದರೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ಸುಲಿನ್ನು ರೋಗವನ್ನು ನಿರ್ಮೂಲ ಮಾಡಲಿಲ್ಲ. ಬದುಕಿ ಉಳಿದವರು ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಕಣ್ಣಿನ ದೃಷ್ಟಿಯನ್ನೂ ಮೂತ್ರಪಿಂಡಗಳನ್ನೂ ಕಾಲಿನ ಸ್ಪರ್ಶವನ್ನೂ ಕಳೆದುಕೊಳ್ಳತೊಡಗಿದರು. ರಕ್ತದ ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಈ ಅನರ್ಥಗಳು ತಪ್ಪುವವೇ, ಅಥವಾ ಅವು ರೋಗದ ಸಹಜವಾದ ಗತಿಯೇ ಎಂಬ ವಾದವು ಐವತ್ತು ವರ್ಷಕ್ಕೂ ಮಿಗಿಲಾಗಿ ನಡೆಯಿತು. ವಾದವನ್ನು ಮುಗಿಸಲು ಬೇಕಾಗಿದ್ದ ಸಾಧನಗಳೇ ಆಗ ಇರಲಿಲ್ಲ; ಮೂತ್ರವನ್ನು ಕಾಯಿಸಿ ಬಣ್ಣ ನೋಡುವುದರಿಂದ ರಕ್ತದ ಸ್ಥಿತಿಯು ತಿಳಿಯದು. 1968ರಲ್ಲಿ ಟೆಹರಾನಿನ ಸ್ಯಾಮ್ಯುಯಲ್ ರಹಬರನು ಮಧುಮೇಹಿಗಳ ರಕ್ತದಲ್ಲಿ ಕಂಡ ವಿಲಕ್ಷಣವಾದ ಹಿಮೋಗ್ಲೋಬಿನ್ನು, ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ದಾಖಲೆಯಾಗಿ ಪರಿಣಮಿಸಿತು. ಬೆರಳ ತುದಿಯ ಒಂದು ಹನಿಯಿಂದ ಮನೆಯಲ್ಲಿಯೇ ಸಕ್ಕರೆಯನ್ನು ಅಳೆಯುವ ಯಂತ್ರಗಳು ಎಪ್ಪತ್ತರ ದಶಕದ ಅನಂತರ ರೋಗಿಯ ಕೈಗೆ ಬಂದವು. ಇವೆರಡರ ಬಲದಿಂದ ಅಮೆರಿಕ ಮತ್ತು ಕೆನಡಾಗಳಲ್ಲಿ 1,441 ರೋಗಿಗಳನ್ನು ವರ್ಷಾನುಗಟ್ಟಲೆ ಗಮನಿಸಿದ ಮಹಾಪರೀಕ್ಷೆಯ ಫಲಿತಾಂಶವು 1993ರಲ್ಲಿ ಹೊರಬಂದಾಗ, ಬಿಗಿಯಾದ ಚಿಕಿತ್ಸೆಯಲ್ಲಿದ್ದವರಿಗೆ ಹೊಸದಾಗಿ ಕಣ್ಣಿನ ರೋಗ ಬರುವ ಸಂಭವವು ಪ್ರತಿಶತ 76ರಷ್ಟು ಕಡಮೆಯಾಗಿದ್ದಿತು. ಅಂದಿನಿಂದ ಚಿಕಿತ್ಸೆಯ ಅರ್ಧ ಭಾರವು ವೈದ್ಯನಿಂದ ರೋಗಿಯ ಹೆಗಲಿಗೆ ಬಂದಿತು. ಆ ಭಾರವನ್ನು ಹೊರಲು ಬೇಕಾದ ಸಕ್ಕರೆ ನೋಡುವ ಪಟ್ಟಿಗಳನ್ನೂ ಸೂಜಿಗಳನ್ನೂ ಕೊಳ್ಳಲಾರದವನಿಗೆ ಆ ಜ್ಞಾನವು ಎಷ್ಟರಮಟ್ಟಿಗೆ ಉಪಯುಕ್ತವೆಂಬ ಪ್ರಶ್ನೆಯೂ ಜೊತೆಯಲ್ಲಿಯೇ ಬಂದಿತು.

ಇತ್ತ ಶುದ್ಧ ವಿಜ್ಞಾನದ ಹಾದಿಯಲ್ಲಿ, ಕೇಂಬ್ರಿಜ್ಜಿನ ಫ್ರೆಡರಿಕ್ ಸ್ಯಾಂಗರನು ಇನ್ಸುಲಿನ್ನಿನ 51 ಅಮೈನೋ ಆಮ್ಲಗಳು ಯಾವ ಅನುಕ್ರಮದಲ್ಲಿ ಜೋಡಣೆಗೊಂಡಿವೆಯೆಂಬುದನ್ನು ಒಂದೊಂದಾಗಿ ಬಿಡಿಸಿ 1955ರ ವೇಳೆಗೆ ಪೂರ್ಣಗೊಳಿಸಿದನು. ಪ್ರೋಟೀನೊಂದರ ರಚನೆಯನ್ನು ಮನುಷ್ಯನು ಹೀಗೆ ಅಕ್ಷರಶಃ ಓದಿದುದು ಅದೇ ಮೊದಲು. ಆ ಸರಪಳಿಯು ಮೂರು ಆಯಾಮಗಳಲ್ಲಿ ಹೇಗೆ ಮಡಿಚಿಕೊಂಡಿದೆಯೆಂಬುದನ್ನು ಅರಿಯುವ ಹಂಬಲವು ಆಕ್ಸ್‌ಫರ್ಡಿನ ಡೊರೊಥಿ ಹಾಡ್ಕಿನ್ ಅವರನ್ನು ಮೂವತ್ತರ ದಶಕದಲ್ಲಿ ಹಿಡಿದು, ಸಂಧಿವಾತದಿಂದ ಬೆರಳುಗಳು ಸೊಟ್ಟಗಾದರೂ ಬಿಡದೆ, 1969ರಲ್ಲಿ ಸಿದ್ಧಿಸಿತು. ಆ ವರ್ಷದ ಪ್ರಬಂಧದ ಕರ್ತೃಗಳಲ್ಲಿ ಒಬ್ಬರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಮುಗಿಸಿ ಹೋಗಿದ್ದ ಎಂ. ವಿಜಯನ್. ಅವರು ಹಿಂದಿರುಗಿ ಬಂದು, ಅದೇ ಸಂಸ್ಥೆಯಲ್ಲಿ ಪ್ರೋಟೀನುಗಳ ಸ್ಫಟಿಕವಿಜ್ಞಾನವನ್ನು ಬೇರೂರಿಸಿ, ಒಂದು ಪೀಳಿಗೆಯನ್ನೇ ತರಬೇತುಗೊಳಿಸಿದರು. ಬೆಂಗಳೂರಿನ ಜನರಿಗೆ ಈ ಹೆಸರು ಇನ್ನಷ್ಟು ಪರಿಚಿತವಾಗಿರಬೇಕಾಗಿದ್ದಿತು.

ಅನುಕ್ರಮವು ತಿಳಿದುದರ ಫಲವಾಗಿ 1978ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಮಾನವ ಇನ್ಸುಲಿನ್ನಿನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರಿಂದಲೇ ಔಷಧವನ್ನು ಮಾಡಿಸಿದರು. 1982ರಲ್ಲಿ ಅದು ಮಾರುಕಟ್ಟೆಗೆ ಅನುಮತಿ ಪಡೆಯಿತು. ಹಂದಿ ದನಗಳ ಗ್ರಂಥಿಗಳನ್ನು ಕಸಾಯಿಖಾನೆಗಳಿಂದ ಸಂಗ್ರಹಿಸುತ್ತಿದ್ದ ಅರುವತ್ತು ವರ್ಷಗಳ ಯುಗವು ಕ್ರಮೇಣ ಕೊನೆಗೊಂಡಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಯೀಸ್ಟಿನಿಂದ ಮಾನವ ಇನ್ಸುಲಿನ್ನನ್ನು ತಯಾರಿಸಿ 2004ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ದೀರ್ಘಕಾಲ ಕೆಲಸಮಾಡುವ ಗ್ಲಾರ್ಜಿನ್ ಎಂಬ ಇನ್ಸುಲಿನ್ನಿಗೆ ಆ ಸಂಸ್ಥೆಯು ಮಾಡಿದ ಪ್ರತಿರೂಪವು, ಮೂಲ ಔಷಧದ ಬದಲಿಗೆ ಅಂಗಡಿಯವನೇ ಕೊಡಬಹುದಾದುದೆಂಬ ಅಮೆರಿಕದ ಮನ್ನಣೆಯನ್ನು 2021ರ ಜುಲೈಯಲ್ಲಿ ಪಡೆಯಿತು. ಆ ಬಗೆಯ ಮನ್ನಣೆಯನ್ನು ಪಡೆದ ಮೊದಲ ಇನ್ಸುಲಿನ್ನು ಅದು. ಸಂಶೋಧಕರು ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟ ವಸ್ತುವಿನ ಬೆಲೆಯು ಅದೇ ಅಮೆರಿಕದಲ್ಲಿ ಬಡವನ ಕೈಗೆ ಎಟುಕದಷ್ಟು ಏರಿ, ಕೆಲವರು ಪ್ರಮಾಣವನ್ನು ಕಡಮೆಮಾಡಿಕೊಂಡು ಪ್ರಾಣಾಪಾಯಕ್ಕೆ ಒಳಗಾಗುತ್ತಿದ್ದ ಕಾಲದಲ್ಲಿ ಇದು ನಡೆಯಿತೆಂಬುದನ್ನು ನೆನೆದರೆ, ಇದರ ಮಹತ್ವವು ತಿಳಿಯುತ್ತದೆ.

ನಮ್ಮ ಕಣ್ಣೆದುರಿನ ಸಂಶೋಧನೆಗಳು ವೇಗವಾಗಿ ಬರುತ್ತಿವೆ. ಸೇಬಿನ ಗಿಡದ ತೊಗಟೆಯಿಂದ 1835ರಲ್ಲಿ ತೆಗೆದ ಒಂದು ಪದಾರ್ಥದ ಜಾಡನ್ನು ಹಿಡಿದು, ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಕ್ಕೆ ಕಳುಹಿಸುವ ಮಾತ್ರೆಗಳು ಹುಟ್ಟಿದವು. ಅವು ಹೃದಯವನ್ನೂ ಮೂತ್ರಪಿಂಡವನ್ನೂ ಕಾಯುತ್ತವೆಂಬುದು 2015ರಿಂದೀಚೆಗೆ ದೃಢಪಟ್ಟಿತು. ಅಮೆರಿಕದ ಮರುಭೂಮಿಯ ಹೀಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಜಾನ್ ಎಂಗ್ ಅವರು ಕಂಡ ವಸ್ತುವು, ಕರುಳಿನ ಒಂದು ಹಾರ್ಮೋನನ್ನು ಹೋಲುವ ಔಷಧಗಳ ಒಂದು ವಂಶಕ್ಕೇ ದಾರಿ ತೋರಿತು. ಹಸಿವನ್ನು ತಗ್ಗಿಸಿ ತೂಕವನ್ನು ಇಳಿಸುವ ಇಂದಿನ ಸೆಮಾಗ್ಲುಟೈಡ್ ಅದೇ ವರ್ಗದ್ದು. ತೋಳಿಗೆ ಅಂಟಿಸಿದ ಪುಟ್ಟ ಯಂತ್ರವು ಕ್ಷಣಕ್ಷಣಕ್ಕೂ ಸಕ್ಕರೆಯನ್ನು ಅಳೆದು, ಸೊಂಟಕ್ಕೆ ಕಟ್ಟಿದ ಪಂಪಿಗೆ ತಿಳಿಸಿ, ಇನ್ಸುಲಿನ್ನಿನ ಪ್ರಮಾಣವನ್ನು ತಾನೇ ಹೆಚ್ಚುಕಡಮೆ ಮಾಡುವ ವ್ಯವಸ್ಥೆಯು 2016ರಿಂದ ಬಳಕೆಗೆ ಅನುಮತಿ ಪಡೆದಿದೆ. ಈ ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದಿರುವುದು ಮತ್ತೊಂದು. ಮೂಲಕೋಶಗಳಿಂದ ಪ್ರಯೋಗಶಾಲೆಯಲ್ಲಿ ಬೆಳೆಸಿದ ಕಿರುದ್ವೀಪಗಳನ್ನು ರೋಗಿಯ ಯಕೃತ್ತಿಗೆ ಸೇರಿಸಿದ ಪ್ರಯೋಗದಲ್ಲಿ, ಪೂರ್ಣ ಪ್ರಮಾಣವನ್ನು ಪಡೆದ 12 ಜನರ ಪೈಕಿ 10 ಜನರು ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ನಿನ ಚುಚ್ಚುಮದ್ದಿಲ್ಲದೆ ಇದ್ದರೆಂದು 2025ರಲ್ಲಿ ಪ್ರಕಟವಾಗಿದೆ. ಲ್ಯಾಂಗರ್‌ಹ್ಯಾನ್ಸನು ಹೆಸರಿಡದೆ ಬಿಟ್ಟ ಆ ಕೋಶಗಳನ್ನೇ ಮನುಷ್ಯನು ಈಗ ಬೆಳೆಸಬಲ್ಲನು. ದೇಹವು ಅವುಗಳನ್ನು ಪರಕೀಯವೆಂದು ನಾಶಮಾಡದಂತೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಗಳನ್ನು ಆ ರೋಗಿಗಳು ಸೇವಿಸುತ್ತಲೇ ಇರಬೇಕಾದುದರಿಂದ, ಎಳೆಯ ಮಕ್ಕಳಿಗೆ ಇದನ್ನು ಕೊಡುವ ದಿನವು ಇನ್ನೂ ಬಂದಿಲ್ಲ.

ಭಾರತದಲ್ಲಿ ಮಧುಮೇಹಿಗಳ ಸಂಖ್ಯೆಯು ಹತ್ತು ಕೋಟಿಯನ್ನು ಮೀರಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ದೇಶವ್ಯಾಪಿ ಸಮೀಕ್ಷೆಯು 2023ರಲ್ಲಿ ತಿಳಿಸಿತು. ಇನ್ಸುಲಿನ್ನಿನ ಶತಮಾನೋತ್ಸವದ ವರ್ಷವಾದ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಪ್ರೌಢವಯಸ್ಸಿನ ಮಧುಮೇಹದಲ್ಲಿ ಇನ್ಸುಲಿನ್ನು ಬೇಕಾಗಿರುವ ಇಬ್ಬರಲ್ಲಿ ಒಬ್ಬರಿಗೆ ಅದು ದೊರೆಯುತ್ತಿಲ್ಲವೆಂದು ಲೋಕಕ್ಕೆ ಹೇಳಿತು. ಹೊಸ ಔಷಧಗಳ ಸುದ್ದಿಯನ್ನು ಓದಿ ಸಂತೋಷಪಡುವ ನಾವು, ನಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ಸುಲಿನ್ನು ಶೀತಪೆಟ್ಟಿಗೆಯಲ್ಲಿ ಸದಾ ಸಿದ್ಧವಾಗಿದೆಯೇ, ಎಳೆಯ ವಯಸ್ಸಿನಲ್ಲಿ ಈ ರೋಗಕ್ಕೆ ಸಿಕ್ಕಿದ ಬಡ ಮಗುವಿಗೆ ಅದರೊಡನೆ ಸಿರಿಂಜುಗಳೂ ಸಕ್ಕರೆ ನೋಡುವ ಪಟ್ಟಿಗಳೂ ಉಚಿತವಾಗಿ ಸಿಗುತ್ತಿವೆಯೇ ಎಂಬುದನ್ನು ಒಮ್ಮೆ ಹೋಗಿ ವಿಚಾರಿಸಬೇಕು. ಇಲ್ಲವೆಂದು ತಿಳಿದುಬಂದರೆ, ನಮ್ಮ ಶಾಸಕರನ್ನೂ ಜಿಲ್ಲಾ ಆರೋಗ್ಯಾಧಿಕಾರಿಗಳನ್ನೂ ಕೇಳಬೇಕು. ದೊರೆಯುವ ತನಕ ಕೇಳುತ್ತಿರಬೇಕು.